ಕ್ಯಾಮೆರಾ ಮಾರಲು ಹಾಕಿದೆ, ಕೊಳ್ಳುವವರು ಚೌಕಾಸಿಯನ್ನೇ ಮಾಡುತ್ತಿಲ್ಲ. ಭಯ ಆಗ್ತಿದೆ!

ಹಳೇಲೆನ್ಸ್
ಎಲ್ಲರಿಗೂ ನಮಸ್ಕಾರ. ನನ್ನ ಕ್ಯಾಮೆರಾ ಬಾಡಿ, ಜೊತೆಗೆ ಒಂದು ದೊಡ್ಡ ಟೆಲಿ ಲೆನ್ಸ್ ಆನ್‌ಲೈನಲ್ಲಿ ಮಾರಾಟಕ್ಕೆ ಹಾಕಿದ್ದೇನೆ. ನನ್ನ ಪಾಲಿಗೆ ಅದು ಸಣ್ಣ ಮೊತ್ತವಲ್ಲ. ಮೂರು ವಾರ "ಕೊನೇ ಬೆಲೆ ಎಷ್ಟು" ಅಂತ ಕೇಳಿ ಮಾಯವಾಗುವವರೇ ಬಂದರು. ನಿನ್ನೆ ಒಬ್ಬರು ಬಂದರು. ಹೇಳಿದ ಬೆಲೆಗೇ ಒಪ್ಪಿದರು. ಚೌಕಾಸಿ ಇಲ್ಲ, ಲೆನ್ಸಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಊರಲ್ಲಿಲ್ಲವಂತೆ. ಅಣ್ಣನ ಮಗನಿಗೆ ಉಡುಗೊರೆಯಂತೆ. ಪೇಪಾಲ್‌ನಲ್ಲಿ (ಆನ್‌ಲೈನಲ್ಲಿ ಹಣ ಕಳಿಸುವ ಸೇವೆ) ಹಣ ಹಾಕುತ್ತಾರಂತೆ.

ಇವತ್ತು ಬೆಳಿಗ್ಗೆ ಇಮೇಲ್ ಬಂತು. ಲೋಗೋ, ಬಣ್ಣ ಎಲ್ಲ ಸರಿಯಾಗಿದೆ. "ನಿಮಗೆ ಹಣ ಬಂದಿದೆ, ಸದ್ಯಕ್ಕೆ ತಡೆಹಿಡಿದಿದ್ದೇವೆ. ಪಾರ್ಸೆಲ್ ಕಳಿಸಿ ಟ್ರ್ಯಾಕಿಂಗ್ ನಂಬರ್ ಕೊಟ್ಟ ಕೂಡಲೇ ಬಿಡುಗಡೆ" ಅಂತ ಇದೆ. ಮೊತ್ತ ನಾನು ಹೇಳಿದ್ದಕ್ಕಿಂತ ಜಾಸ್ತಿಯೇ ಇದೆ. ಆ ಹೆಚ್ಚಿನ ಹಣವನ್ನು ಅವರ ಕೊರಿಯರ್ ಏಜೆಂಟಿಗೆ ನಾನು ಕಳಿಸಬೇಕಂತೆ. ಅದಾದ ಮೇಲೆ ಒಂದು ಗಂಟೆಯಲ್ಲಿ ನಾಲ್ಕು ಮೆಸೇಜ್: "ಕಳಿಸಿದ್ರಾ?"

ಕಳಿಸಲಾ, ಬೇಡವಾ? ಸುಮ್ನೆ ಅನುಮಾನ ಪಡುತ್ತಿದ್ದೇನಾ?

ತಲೆಹರಟೆ
ಅಣ್ಣನ ಮಗನಿಗೆ ಕ್ಯಾಮೆರಾ, ನಿಮಗೆ ಪಂಗನಾಮ. ಕಳಿಸಬೇಡಿ.

ಮೂಲೆಮನೆ
ನೂರಕ್ಕೆ ನೂರು ಮೋಸ. ಪೇಪಾಲ್ ಯಾವತ್ತೂ ಹಣ ತಡೆಹಿಡಿಯುವುದಿಲ್ಲ. ಬಂತು ಅಂದರೆ ಬಂತು. ಹಾಗೆ ಬರೆದಿದೆ ಅಂದರೆ ಅದು ಸುಳ್ಳು ಇಮೇಲ್, ಅಷ್ಟೇ.

ರಾತ್ರಿಪಾಳಿ
@ಮೂಲೆಮನೆ ಮೋಸ ಅನ್ನುವುದು ನಿಜ, ಕಾರಣ ತಪ್ಪು. ಪೇಪಾಲ್ ಹಣ ತಡೆಹಿಡಿಯುತ್ತದೆ. ಹೊಸದಾಗಿ ಮಾರುವವರಿಗೆ 21 ದಿನದವರೆಗೂ ಆಗಬಹುದು. ಟ್ರ್ಯಾಕಿಂಗ್ ಹಾಕಿದರೆ ಬೇಗ ಬಿಡುವುದೂ ನಿಜ. ಅದಕ್ಕೇ ಈ ಸುಳ್ಳು ಅಷ್ಟು ಚೆನ್ನಾಗಿ ಓಡುತ್ತದೆ. ಯಾರಾದರೂ ಗೂಗಲ್ ಮಾಡಿ ನೋಡಿದರೆ "ಹೌದಲ್ಲ, ಹೀಗೂ ಉಂಟು" ಅನಿಸುತ್ತದೆ.

ವ್ಯತ್ಯಾಸ ಇಷ್ಟೇ. ನಿಜವಾಗಿ ತಡೆಹಿಡಿದ ಹಣ ನಿಮ್ಮ ಖಾತೆಯ ಒಳಗೆ ಕಾಣುತ್ತದೆ. ಬಾಕಿ ಅಂತಲೋ, ತಡೆಹಿಡಿದಿದೆ ಅಂತಲೋ, ಮೊತ್ತದ ಸಮೇತ ಅಲ್ಲಿರುತ್ತದೆ. ಇಮೇಲಿನ ಲಿಂಕ್ ಒತ್ತಬೇಡಿ. ಆಪ್ ನೀವೇ ತೆರೆಯಿರಿ, ಇಲ್ಲವೇ ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ. ಅಲ್ಲಿ ಇಲ್ಲ ಅಂದರೆ ಹಣ ಎಲ್ಲೂ ಇಲ್ಲ.

(ನಾನು ಹಣ ಪಾವತಿ ಕಂಪನಿಯೊಂದರಲ್ಲಿ ದೂರುಗಳನ್ನು ನೋಡುವ ಕೆಲಸ ಮಾಡುತ್ತೇನೆ. ಯಾವ ಕಂಪನಿ ಅಂತ ಕೇಳಬೇಡಿ.)

ಹಳೇಲೆನ್ಸ್
ಈಗಷ್ಟೇ ಆಪ್ ತೆರೆದು ನೋಡಿದೆ. ಏನೂ ಇಲ್ಲ. ಸೊನ್ನೆ. ಇಮೇಲ್ ಕಳಿಸಿದವರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರಿದೆ, ಆದರೆ ಅದರ ಮೇಲೆ ಒತ್ತಿದರೆ ಸಾಮಾನ್ಯ ಜಿಮೇಲ್ ವಿಳಾಸ. ಬೆಳಿಗ್ಗೆಯಿಂದ ಇದನ್ನು ಯಾಕೆ ನೋಡಲಿಲ್ಲವೋ!

ಗುಬ್ಬಿಮರಿ
ಬೇಜಾರು ಮಾಡಿಕೊಳ್ಳಬೇಡಿ. ಮೂರು ವಾರ ಕಾದಿದ್ದೀರಿ, ಮಾರಿದರೆ ಸಾಕು ಅನಿಸಿರುತ್ತದೆ. ಅವರಿಗೆ ಬೇಕಾದದ್ದೂ ಅದೇ. ನಾನು ಹಳೇ ಹೊಲಿಗೆ ಯಂತ್ರ ಮಾರುವಾಗ ಹೀಗೇ ಆಗಿತ್ತು. ಬೇರೆ ತರಹದ ಮೋಸ. "ನೀವು ನಿಜವಾದ ವ್ಯಕ್ತಿಯೇ ಅಂತ ಖಾತ್ರಿ ಆಗಬೇಕು, ನಿಮ್ಮ ಫೋನಿಗೆ ಆರಂಕಿ ಕೋಡ್ ಕಳಿಸುತ್ತೇನೆ, ಅದನ್ನು ಹೇಳಿ" ಅಂದರು. ನನಗೇ ಅನುಮಾನ ಬರಬೇಕಾದ ಜಾಗದಲ್ಲಿ ಅವರು ನನ್ನ ಮೇಲೆ ಅನುಮಾನ ಪಟ್ಟರು! ನನಗೆ ಒಂಥರಾ ಅವಮಾನ ಆಗಿ, ನಾನು ಸಾಚಾ ಅಂತ ತೋರಿಸಲು ಕೋಡ್ ಟೈಪ್ ಮಾಡಿಯೂಬಿಟ್ಟಿದ್ದೆ. ಕಳಿಸುವ ಮುಂಚೆ ಮಗಳು ಫೋನ್ ಕಿತ್ತುಕೊಂಡಳು.

ಆ ಕೋಡ್ ಬಂದದ್ದು ಅವರಿಂದಲ್ಲ, ನನ್ನದೇ ಇಮೇಲ್ ಕಂಪನಿಯಿಂದ. ಪಾಸ್‌ವರ್ಡ್ ಬದಲಿಸಲು.

ಸಂಶಯರಾಮ
ಮೆಸೇಜಿನಲ್ಲೇ "ಯಾರಿಗೂ ಹೇಳಬೇಡಿ" ಅಂತ ಬರೆದಿರುತ್ತಾರಲ್ಲ ಅಕ್ಕಾ.

ಗುಬ್ಬಿಮರಿ
ಬರೆದಿತ್ತು. ಓದಿದವರು ಯಾರು?

ನಿವೃತ್ತ_ಗುಮಾಸ್ತ
ಬ್ಯಾಂಕಿನಲ್ಲಿ ಬಹಳ ವರ್ಷ ಕೂತಿದ್ದವನು ನಾನು. ಆ "ಜಾಸ್ತಿ ಹಣ" ಅನ್ನುವ ಭಾಗದ ಬಗ್ಗೆ ಎರಡು ಮಾತು.

ಇದು ಬಹಳ ಹಳೇ ಆಟ. ನಮ್ಮ ಕಾಲದಲ್ಲಿ ಚೆಕ್ ಮೂಲಕ ನಡೆಯುತ್ತಿತ್ತು. ಬೆಲೆಗಿಂತ ದೊಡ್ಡ ಮೊತ್ತದ ಚೆಕ್ ಬರುತ್ತದೆ. ನೀವು ಖಾತೆಗೆ ಹಾಕುತ್ತೀರಿ. ಕೆಲವು ಕಡೆ ಒಂದೆರಡು ದಿನದಲ್ಲೇ ಆ ಹಣ ಖಾತೆಯಲ್ಲಿ ಕಾಣುತ್ತದೆ, ತೆಗೆಯಲೂ ಬರುತ್ತದೆ. ಜನ ಅದನ್ನು ಚೆಕ್ ಪಾಸಾಯಿತು ಅಂದುಕೊಳ್ಳುತ್ತಾರೆ. ಇಲ್ಲ ಸ್ವಾಮಿ. ಬ್ಯಾಂಕ್ ನಿಮ್ಮ ಮೇಲಿನ ನಂಬಿಕೆಯಿಂದ ಮೊದಲೇ ಕೊಟ್ಟಿರುತ್ತದೆ. ಚೆಕ್ ನಕಲಿ ಅಂತ ಗೊತ್ತಾಗಲು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ನೀವು "ಹೆಚ್ಚಾದ ಹಣ" ಅಂತ ಏಜೆಂಟಿಗೆ ಕಳಿಸಿರುತ್ತೀರಿ. ಆ ಹಣ ನಿಮ್ಮ ಸ್ವಂತದ್ದು! ಚೆಕ್ ವಾಪಸ್ ಬಂದ ದಿನ ಬ್ಯಾಂಕ್ ಪೂರ್ತಿ ಮೊತ್ತವನ್ನು ನಿಮ್ಮ ಖಾತೆಯಿಂದಲೇ ಕಳೆಯುತ್ತದೆ. ವಸ್ತುವೂ ಹೋಯಿತು, ಕೈಯಿಂದಲೂ ಹೋಯಿತು. ಬ್ಯಾಂಕೇ ಬರೆದುಕೊಡುವ ಚೆಕ್ ಆದರೂ ಅಷ್ಟೇ, ಅದರದ್ದೂ ನಕಲಿ ಇರುತ್ತದೆ.

ಈಗ ಚೆಕ್ ಹೋಗಿ ಇಮೇಲ್ ಬಂದಿದೆ. ಏಜೆಂಟ್ ಮಾತ್ರ ಹಾಗೇ ಇದ್ದಾನೆ.

ತಲೆಹರಟೆ
ಅವನಿಗೂ ನಿವೃತ್ತಿ ಕೊಡಬೇಕು ಸಾರ್.

ಮೂಲೆಮನೆ
ಒಪ್ಪಿದೆ, ನನ್ನ ಮಾತು ತಪ್ಪು. ಹಾಗಾದರೆ ಹಣ ನಿಜವಾಗಿ ಖಾತೆಯೊಳಗೆ ಕಾಣಿಸಿದರೆ ಕಳಿಸಬಹುದು ತಾನೇ?

ರಾತ್ರಿಪಾಳಿ
ಅಲ್ಲೇ ಇರುವುದು ನಿಜವಾದ ತಲೆನೋವು. ಹಣ ಬಂದಿದೆಯಾ ಅನ್ನುವುದು ಮೊದಲ ಪ್ರಶ್ನೆ. ಬಂದ ಹಣ ವಾಪಸ್ ಹೋಗಬಹುದಾ ಅನ್ನುವುದು ಎರಡನೇ ಪ್ರಶ್ನೆ. ಮಾರುವವರಲ್ಲಿ ಹೆಚ್ಚಿನವರು ಮೊದಲನೆಯದಕ್ಕೇ ನಿಲ್ಲುತ್ತಾರೆ.

ಕಾರ್ಡಿನಿಂದ ಬಂದ ಹಣವನ್ನು ಕಾರ್ಡಿನ ಮಾಲೀಕರು ಪ್ರಶ್ನಿಸಿ ವಾಪಸ್ ಕೇಳಬಹುದು. ಬಹುತೇಕ ಸಂದರ್ಭದಲ್ಲಿ 120 ದಿನದವರೆಗೆ ಅವಕಾಶ ಇರುತ್ತದೆ. ಪೇಪಾಲ್‌ನಲ್ಲಿ ತಕರಾರು ಎತ್ತಲು 180 ದಿನ. ಕದ್ದ ಕಾರ್ಡ್ ಅಥವಾ ಕದ್ದ ಖಾತೆಯಿಂದ ನಿಮಗೆ ಹಣ ಬಂದಿದ್ದರೆ, ನಿಜವಾದ ಮಾಲೀಕರಿಗೆ ಗೊತ್ತಾದ ದಿನ ಹಣ ವಾಪಸ್ ಹೊರಡುತ್ತದೆ. ಆಗ ನಿಮ್ಮನ್ನು ಕಾಪಾಡುವುದು ದಾಖಲೆ ಮಾತ್ರ. ಪೇಪಾಲ್‌ನಲ್ಲಿ ಮಾರುವವರಿಗೂ ರಕ್ಷಣೆ ಇದೆ, ಆದರೆ ವಹಿವಾಟಿನ ಪುಟದಲ್ಲಿ ಇರುವ ವಿಳಾಸಕ್ಕೇ ಕಳಿಸಿರಬೇಕು. 750 ಡಾಲರ್ ಅಥವಾ ಮೇಲಿನ ಮೊತ್ತಕ್ಕೆ ಪಾರ್ಸೆಲ್ ಪಡೆದವರ ಸಹಿ ಬೇಕು. ಕೊಳ್ಳುವವರು "ಚಿಕ್ಕಪ್ಪನ ಮನೆಗೆ ಕಳಿಸಿ" ಅಂದರು, ನೀವು ಪಾಪ ಅಂತ ಕಳಿಸಿದಿರಿ, ಮುಗಿಯಿತು ಕಥೆ. ಪಾರ್ಸೆಲ್ ಹೊರಟ ಮೇಲೆ ಕೊರಿಯರ್‌ನವರಿಗೆ ಫೋನ್ ಮಾಡಿ ವಿಳಾಸ ಬದಲಿಸಿಕೊಳ್ಳುವವರೂ ಇದ್ದಾರೆ. ಹಾಗಾದರೂ ರಕ್ಷಣೆ ತಪ್ಪುತ್ತದೆ. ಕೊರಿಯರ್ ಬುಕ್ ಮಾಡುವಾಗಲೇ "ದಾರಿಯಲ್ಲಿ ವಿಳಾಸ ಬದಲಿಸಬಾರದು" ಅಂತ ಹಾಕಿಸಲು ಆಗುತ್ತದಾ ಕೇಳಿ.

ಇನ್ನೊಂದು. "ಹೇಳಿದ ಹಾಗೆ ಇಲ್ಲ, ಕೆಟ್ಟುಹೋಗಿದೆ" ಅಂತ ತಕರಾರು ಬಂದರೆ ಆ ರಕ್ಷಣೆಯೂ ಕೆಲಸಕ್ಕೆ ಬರುವುದಿಲ್ಲ. ಅದರದ್ದೇ ಬೇರೆ ಪುರಾಣ.

ಕಪ್ಪುಬಿಳುಪು
ಆ ಪುರಾಣ ನಾನು ಹೇಳುತ್ತೇನೆ, ಅನುಭವಿಸಿದವನು ನಾನೇ.

ಹೋದ ವರ್ಷ ಒಂದು ಲೆನ್ಸ್ ಮಾರಿದೆ. ಗಾಜು ಕನ್ನಡಿ ಹಾಗಿತ್ತು. ತಲುಪಿ ಐದನೇ ದಿನ "ಒಳಗೆ ಫಂಗಸ್ ಇದೆ" ಅಂತ ಫೋಟೋ ಸಮೇತ ದೂರು. ಫೋಟೋದಲ್ಲಿ ಫಂಗಸ್ ಇರುವುದು ನಿಜ, ಜೇಡರ ಬಲೆ ಹಾಗೆ ಹಬ್ಬಿದೆ. ವಾಪಸ್ ಕಳಿಸಿ ಅಂದೆ. ಕಳಿಸಿದರು. ಹಣ ಅವರಿಗೆ ಹೋಯಿತು. ಪೊಟ್ಟಣ ಬಿಚ್ಚಿ ನೋಡಿದರೆ ಅದೇ ಮಾಡೆಲ್, ಆದರೆ ನನ್ನದಲ್ಲ. ಅವರ ಹಳೇ ಕೆಟ್ಟ ಲೆನ್ಸ್ ನನಗೆ, ನನ್ನ ಒಳ್ಳೇ ಲೆನ್ಸ್ ಅವರಿಗೆ. ಜೊತೆಗೆ ಹಣವೂ ಅವರಿಗೆ! ನಾನು ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿರಲಿಲ್ಲ. ಹತ್ತು ವರ್ಷ ಕೈಯಲ್ಲಿ ಹಿಡಿದಿದ್ದರೂ ಅದರ ನಂಬರ್ ಗೊತ್ತಿಲ್ಲ ನೋಡಿ.

ಈಗ ಏನಾದರೂ ಮಾರಿದರೆ ಒಂದೇ ವಿಡಿಯೋದಲ್ಲಿ, ನಡುವೆ ಎಲ್ಲೂ ಕತ್ತರಿಸದೆ, ಸೀರಿಯಲ್ ನಂಬರ್ ತೋರಿಸಿ, ಟಾರ್ಚ್ ಹಾಕಿ ಗಾಜು ತೋರಿಸಿ, ಪೊಟ್ಟಣ ಕಟ್ಟಿ, ತೂಕ ಮಾಡಿ, ಚೀಟಿ ಅಂಟಿಸುತ್ತೇನೆ. ವಾಪಸ್ ಬಂದರೆ ಬಿಚ್ಚುವುದೂ ಹಾಗೇ. ಮನೆಯವರು ನಗುತ್ತಾರೆ. ನಗಲಿ.

ತಲೆಹರಟೆ
ಮದುವೆ ವಿಡಿಯೋಗಿಂತ ಚೆನ್ನಾಗಿ ಬಂದಿರುತ್ತದೆ ಬಿಡಿ.

ಬಿಟ್‌ಬುಟ್ಟಿ
ಇದಕ್ಕೆಲ್ಲ ಒಂದೇ ಉತ್ತರ: ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್ ತರಹದ ಡಿಜಿಟಲ್ ಹಣ. ಬಂದ ಹಣ ವಾಪಸ್ ಹೋಗುವುದೇ ಇಲ್ಲ.

ಸಂಶಯರಾಮ
ಗುರು, ಅಲ್ಲೂ ಅಷ್ಟು ಸಲೀಸಿಲ್ಲ. ಖಾತ್ರಿಯಾಗದ (ಬಿಟ್‌ಕಾಯಿನ್ ಜಾಲದ ದಾಖಲೆಗೆ ಇನ್ನೂ ಸೇರದ) ಬಿಟ್‌ಕಾಯಿನ್ ವಹಿವಾಟನ್ನು ಕಳಿಸಿದವರೇ ಬೇರೆ ವಹಿವಾಟಿನಿಂದ ಬದಲಿಸಬಹುದು. 6 ಖಾತ್ರಿ ಆಗಲಿ ಅಂತ ಕಾಯುವುದು ರೂಢಿ. ಒಂದಕ್ಕೆ ಸುಮಾರು 10 ನಿಮಿಷ, ಒಟ್ಟು ಒಂದು ಗಂಟೆ. ಇನ್ನು ಟೋಕನ್‌ಗಳಂತೂ ಯಾರು ಬೇಕಾದರೂ ಯಾವ ಹೆಸರಿನಲ್ಲಿ ಬೇಕಾದರೂ ಹುಟ್ಟಿಸಬಹುದು. ವಾಲೆಟ್‌ನಲ್ಲಿ "ಯುಎಸ್‌ಡಿಟಿ" (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಅಂತ ಕಂಡ ಮಾತ್ರಕ್ಕೆ ಅದು ಅಸಲಿ ಅಂತಲ್ಲ. ನಮ್ಮ ಪರಿಚಯದವರೊಬ್ಬರು ಅಂಥ ಸಾವಿರಾರು ಕಾಗದದ ಹೂ ಇಟ್ಟುಕೊಂಡು ಕೂತಿದ್ದಾರೆ.

ಬಿಟ್‌ಬುಟ್ಟಿ
ಗೊತ್ತಿಲ್ಲದವರಿಗೆ ಎಲ್ಲೂ ಮೋಸವೇ.

ಸಂಶಯರಾಮ
ಗೊತ್ತಿಲ್ಲದವರಿಗಾಗಿಯೇ ಈ ಚರ್ಚೆ ನಡೀತಿರುವುದು, ಅಲ್ವಾ?

ಮಂಜುಮುಸುಕು
ಎಲ್ಲ ಬಿಟ್ಟು ಎದುರಾಎದುರು ಕೊಟ್ಟುಬಿಡಿ. ಕೈಗೆ ಹಣ, ಕೈಗೆ ವಸ್ತು. ಈ ಟ್ರ್ಯಾಕಿಂಗ್, ಸಹಿ, ವಿಡಿಯೋ ಯಾವುದೂ ಬೇಡ.

ಗುಬ್ಬಿಮರಿ
ಒಬ್ಬಳೇ ಹೋಗಿ ಗೊತ್ತಿಲ್ಲದವರಿಗೆ ಬೆಲೆಬಾಳುವ ವಸ್ತು ಕೊಟ್ಟು ಹಣ ಎಣಿಸಿಕೊಂಡು ಬನ್ನಿ ಅಂತ ಹೇಳುವುದು ನಿಮಗೆ ಸುಲಭ. ಮನೆಗಂತೂ ಯಾರನ್ನೂ ಕರೆಸಬಾರದು.

ನಿವೃತ್ತ_ಗುಮಾಸ್ತ
ಅಮ್ಮಾ, ಅದಕ್ಕೇ ಬ್ಯಾಂಕಿನ ಒಳಗೇ ಭೇಟಿಯಾಗಿ. ಕೊಳ್ಳುವವರು ಕೌಂಟರಿನಲ್ಲಿ ಹಣ ತೆಗೆಯಲಿ, ನೀವು ಅಲ್ಲೇ ಪಕ್ಕದಲ್ಲಿ ಜಮಾ ಮಾಡಿ. ನೋಟು ಅಸಲಿಯಾ ನಕಲಿಯಾ ಅಂತ ಅಲ್ಲಿನವರೇ ನೋಡುತ್ತಾರೆ. ಕ್ಯಾಮೆರಾ ಕಣ್ಣೂ ಇರುತ್ತದೆ. ಸಾಚಾ ಮನುಷ್ಯ ಬೇಡ ಅನ್ನುವುದಿಲ್ಲ. ಬೇಡ ಅಂದರೆ ನಿಮಗೆ ಅರ್ಧ ಉತ್ತರ ಸಿಕ್ಕಿತು.

ಮೂಲೆಮನೆ
ಎದುರಾಎದುರು ಕೂಡ ನಾಮ ಹಾಕುತ್ತಾರೆ. ನನ್ನ ತಮ್ಮ ಲ್ಯಾಪ್‌ಟಾಪ್ ಮಾರುವಾಗ ಹುಡುಗನೊಬ್ಬ ಬಂದ. ಮುಂದೆಯೇ ಫೋನ್ ಒತ್ತಿ, ಹಸಿರು ಟಿಕ್ ಬಂದದ್ದನ್ನು ತೋರಿಸಿದ. ಟಣ್ ಅಂತ ಶಬ್ದವೂ ಆಯಿತು. ತಮ್ಮನ ಫೋನಿನಲ್ಲಿ ಮಾತ್ರ ಏನೂ ಇಲ್ಲ. "ಸರ್ವರ್ ನಿಧಾನ ಅಣ್ಣಾ, ಹತ್ತು ನಿಮಿಷದಲ್ಲಿ ಬರುತ್ತೆ" ಅಂದ. ಅದು ಪಾವತಿ ಆಪ್ ಅಲ್ಲವೇ ಅಲ್ಲ, ಪಾವತಿ ಆದ ಹಾಗೆ ತೋರಿಸುವ ಆಟಿಕೆ. ಹತ್ತು ನಿಮಿಷ ಕಳೆದು ಇನ್ನೂ ಎಷ್ಟೋ ತಿಂಗಳಾಯಿತು.

ರಾತ್ರಿಪಾಳಿ
ಅವರ ಫೋನ್ ನೋಡಲೇಬೇಡಿ. ನಿಮ್ಮ ಫೋನ್ ನೋಡಿ. ಅದರಲ್ಲೂ ಎಸ್‌ಎಂಎಸ್ ಅಲ್ಲ, ಖಾತೆಯಲ್ಲಿ ಇರುವ ಮೊತ್ತ. ಎಸ್‌ಎಂಎಸ್ ಕೂಡ ಬ್ಯಾಂಕಿನ ಹೆಸರಲ್ಲಿ ನಕಲಿ ಬರುತ್ತದೆ. ಬಹಳ ಬ್ಯಾಂಕುಗಳಲ್ಲಿ "ನಾಳೆಗೆ ಕಳಿಸು" ಅಂತ ದಿನಾಂಕ ಹಾಕಿಡಬಹುದು. ಆ ಸ್ಕ್ರೀನ್‌ಶಾಟ್ ಅಸಲಿಯೇ. ನೀವು ತಿರುಗಿದ ಕೂಡಲೇ ರದ್ದು ಮಾಡುತ್ತಾರೆ.

ಹೊರದೇಶದಿಂದ ಹಣ ಅಂದರೆ ಇನ್ನೊಂದು ಕಾಗದ ತೋರಿಸುತ್ತಾರೆ, ಸ್ವಿಫ್ಟ್ ಎಂಟಿ103. ನೋಡಲು ಭಾರಿ ಗಂಭೀರವಾಗಿರುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸಂದೇಶದ ನಮೂನೆ ಅದು, ನಿಮ್ಮ ಖಾತೆಗೆ ಹಣ ಜಮಾ ಆಯಿತು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಮೇಲಾಗಿ ಬ್ಯಾಂಕುಗಳ ನಡುವೆ ಆ ನಮೂನೆಯ ಜಾಗಕ್ಕೆ 2025ರ ನವೆಂಬರ್‌ನಿಂದ ಪ್ಯಾಕ್ಸ್.008 ಅನ್ನುವ ಹೊಸದು ಬಂದಿದೆ. ಮೋಸಗಾರರು ಇನ್ನೂ ಹಳೇ ಪಿಡಿಎಫ್ ಹಂಚುತ್ತಿದ್ದಾರೆ.

ಸಂಶಯರಾಮ
ಕ್ಯೂಆರ್ ಮರೆತಿರಿ. "ಹಣ ಕಳಿಸಿದ್ದೇನೆ, ಪಡೆಯಲು ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ಪಿನ್ ಇರುವುದು ಕೊಡಲು, ತೆಗೆದುಕೊಳ್ಳಲು ಅಲ್ಲ.

ತಲೆಹರಟೆ
ಈ ಕ್ಯೂಆರ್ ಕಂಡುಹಿಡಿದವರನ್ನು ಹಿಡಿದು ಬೈಯಬೇಕು.

ಕಪ್ಪುಬಿಳುಪು
ಪಾಪ, ಅವರು ಏನು ಮಾಡಿದರು ಮಾರಾಯ! 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ಕಾರಿನ ಬಿಡಿಭಾಗ ಲೆಕ್ಕ ಇಡಲು ಮಾಡಿದ್ದು ಅದು. ಮಸಾಹಿರೋ ಹಾರಾ ಅಂತ ಎಂಜಿನಿಯರ್. ಬಿಡಿಭಾಗ ಎಣಿಸಲು ಹುಟ್ಟಿದ್ದು ಈಗ ನಮ್ಮ ಜೇಬು ಎಣಿಸುತ್ತಿದೆ.

ಮಂಜುಮುಸುಕು
ನನಗೆ ಗೊತ್ತಿರುವವರಿಗೆ ಇದೆಲ್ಲಕ್ಕಿಂತ ಕೆಟ್ಟದ್ದು ಆಗಿದೆ. ಹಣ ನಿಜವಾಗಿಯೂ ಬಂತು. ಬ್ಯಾಂಕಿನಿಂದ ಬ್ಯಾಂಕಿಗೆ, ಪೂರ್ತಿ. ವಸ್ತು ಕೊಟ್ಟರು. ಆಮೇಲೆ ಖಾತೆಯೇ ಸ್ತಬ್ಧ. ಯಾಕೆ ಅಂದರೆ ಹಣ ಹಾಕಿದವರೇ ಬೇರೆ, ವಸ್ತು ಒಯ್ದವನೇ ಬೇರೆ.

ಅವನು ಇವರ ಜಾಹೀರಾತಿನ ಫೋಟೋಗಳನ್ನೇ ಕದ್ದು ಇನ್ನೊಂದು ಕಡೆ ಕಡಿಮೆ ಬೆಲೆಗೆ ಮಾರಾಟಕ್ಕೆ ಹಾಕಿದ್ದ. ಅಲ್ಲಿ ಒಬ್ಬರು ಕೊಳ್ಳಲು ಬಂದರು. "ನನ್ನ ಖಾತೆ ಇದು" ಅಂತ ಇವರ ಖಾತೆ ನಂಬರ್ ಕೊಟ್ಟ. ಆ ಪಾಪದವರು ಇವರಿಗೆ ಹಣ ಹಾಕಿದರು. ಇವನು ಬಂದು "ನಾನೇ ಹಾಕಿದ್ದು" ಅಂತ ವಸ್ತು ತೆಗೆದುಕೊಂಡು ಹೋದ. ಹಣ ಹಾಕಿದವರು ದೂರು ಕೊಟ್ಟಾಗ ಕಾಗದದ ಮೇಲೆ ಕಳ್ಳರು ಯಾರು? ಇವರು. ಮೋಸಗಾರನ ಹೆಸರು ಎಲ್ಲೂ ಇಲ್ಲ.

ಹಳೇಲೆನ್ಸ್
ಅಯ್ಯೋ ದೇವರೇ. ಇದಕ್ಕೆ ಏನು ಮಾಡುವುದು?

ರಾತ್ರಿಪಾಳಿ
ಹಣ ಹಾಕಿದ ಖಾತೆಯ ಹೆಸರು ಎದುರಿಗಿರುವವರ ಹೆಸರೇನಾ ನೋಡಿ. ಬೇರೆ ಇದ್ದರೆ ವಸ್ತು ಕೊಡಬೇಡಿ. ಹಾಗಂತ ಎದುರಿಗಿರುವವರಿಗೆ ನಗದಾಗಿ ವಾಪಸ್ ಕೊಡಲೂಬೇಡಿ, ಅದೂ ಅವರಿಗೆ ಬೇಕಾದದ್ದೇ. ಬ್ಯಾಂಕಿಗೆ ಹೇಳಿ, ಬಂದ ಖಾತೆಗೇ ತಿರುಗಿಸಿ. ಫೋಟೋ ಹಾಕುವಾಗ ನಿಮ್ಮ ಹೆಸರು ಬರೆದ ಚೀಟಿ ವಸ್ತುವಿನ ಪಕ್ಕ ಇಟ್ಟು ತೆಗೆಯಿರಿ. ಕದಿಯುವವರಿಗೆ ಕೆಲಸ ಜಾಸ್ತಿ ಆಗುತ್ತದೆ.

ಕಪ್ಪುಬಿಳುಪು
ಫೋಟೋ ಅಂದಾಗ ನೆನಪಾಯಿತು. ಮೂಲ ಫೋಟೋ ಇಮೇಲಿನಲ್ಲಿ ಕಳಿಸಬೇಡಿ. ಫೋನಿನಲ್ಲಿ ಜಿಪಿಎಸ್ ಹಾಕಿಟ್ಟಿದ್ದರೆ ಮನೆ ಎಲ್ಲಿದೆ ಅಂತ ಫೋಟೋದೊಳಗೇ ಬರೆದಿರುತ್ತದೆ.

ಮೂಲೆಮನೆ
ಎಸ್ಕ್ರೋ ಬಗ್ಗೆ ಯಾರೂ ಹೇಳಲಿಲ್ಲ? ಮಧ್ಯದವರು ಹಣ ಇಟ್ಟುಕೊಂಡು, ವಸ್ತು ತಲುಪಿದ ಮೇಲೆ ಕೊಡುತ್ತಾರಲ್ಲ. ಎಸ್ಕ್ರೋ ಡಾಟ್ ಕಾಮ್ 1999ರಿಂದ ಇದೆ.

ರಾತ್ರಿಪಾಳಿ
ಒಳ್ಳೆಯದೇ, ನೀವೇ ಆರಿಸಿದರೆ. ಕೊಳ್ಳುವವರು ಲಿಂಕ್ ಕಳಿಸಿ "ಇದರಲ್ಲೇ ಮಾಡೋಣ" ಅಂದರೆ ಅದು ಅವರೇ ಕಟ್ಟಿದ ಅಂಗಡಿ ಇರಬಹುದು. ವಿಳಾಸ ಓದುವಾಗ https:// ಆದ ಮೇಲೆ ಬರುವ ಮೊದಲ ಓರೆಗೆರೆಯವರೆಗೆ (/) ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಡಾಟ್ ಕಾಮ್‌ಗೆ ಅಂಟಿಕೊಂಡು ಹಿಂದೆ ಇರುವ ಹೆಸರೇ ನಿಜವಾದ ಮಾಲೀಕ. ಅದಕ್ಕಿಂತ ಎಡಕ್ಕೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ನಿವೃತ್ತ_ಗುಮಾಸ್ತ
ಒಂದು ವಿಷಯ ಬಿಟ್ಟುಹೋಯಿತು. ಆ ಏಜೆಂಟಿಗೆ ಹಣ ಯಾವಾಗಲೂ ವೆಸ್ಟರ್ನ್ ಯೂನಿಯನ್ ತರಹದ, ನಗದು ಕಳಿಸುವ ಸೇವೆಯಲ್ಲೇ ಕಳಿಸಿ ಅನ್ನುತ್ತಿದ್ದರು. ಎಣಿಸಿಕೊಂಡು ಹೋದ ಮೇಲೆ ಹಿಡಿಯಲು ಆಗುವುದಿಲ್ಲವಲ್ಲ. ಇಂಥ ಮೋಸದ ಹಣ ತಮ್ಮ ಮೂಲಕ ಹರಿದದ್ದನ್ನು ತಡೆಯಲಿಲ್ಲ ಅನ್ನುವ ಪ್ರಕರಣದಲ್ಲಿ ಆ ಕಂಪನಿ 2017ರಲ್ಲಿ ಅಮೆರಿಕ ಸರ್ಕಾರಕ್ಕೆ 58.6 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದರಿಂದ ಮೋಸಹೋದವರಿಗೂ ಪರಿಹಾರ ಕೊಟ್ಟರು. ಈಗ ಗಿಫ್ಟ್ ಕಾರ್ಡ್ ಕೇಳುತ್ತಾರಂತೆ.

ಗುಬ್ಬಿಮರಿ
ಪರಿಹಾರ ಅಂದಾಗ ಹೇಳುತ್ತೇನೆ, ಯಾರಾದರೂ "ನಿಮ್ಮ ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ" ಅಂದರೆ ಅದೂ ಅದೇ ಗುಂಪು. ಒಮ್ಮೆ ಹಳ್ಳಕ್ಕೆ ಬಿದ್ದವರ ಹೆಸರು ಅವರ ಪಟ್ಟಿಯಲ್ಲಿ ಇರುತ್ತದೆ.

ಹಳೇಲೆನ್ಸ್
ಎಲ್ಲರಿಗೂ ಥ್ಯಾಂಕ್ಸ್. ಅವರಿಗೆ ಬರೆದೆ: "ಖಾತೆಯಲ್ಲಿ ಹಣ ಕಾಣುತ್ತಿಲ್ಲ, ಕಂಡ ಮೇಲೆ ಕಳಿಸುತ್ತೇನೆ." ಎರಡೇ ನಿಮಿಷದಲ್ಲಿ ಪೊಲೀಸ್ ಮುದ್ರೆ ಇರುವ ಇಮೇಲ್ ಬಂತು! 24 ಗಂಟೆಯಲ್ಲಿ ಕಳಿಸದಿದ್ದರೆ ಬಂಧನವಂತೆ. ಮೊದಲ ಇಮೇಲಿನ ಕಾಗುಣಿತ ತಪ್ಪುಗಳೇ ಇದರಲ್ಲೂ ಇವೆ.

ತಲೆಹರಟೆ
ಅಣ್ಣನ ಮಗನ ಕೈಯಿಂದಲೇ ಬರೆಸಿರಬೇಕು.

ಹಳೇಲೆನ್ಸ್
ಅವರ ಖಾತೆಯ ಬಗ್ಗೆ ಮಾರಾಟದ ಆಪ್‌ಗೆ ದೂರು ಕೊಟ್ಟು, ಅವರನ್ನು ಬ್ಲಾಕ್ ಮಾಡಿದೆ. ಇಮೇಲ್‌ಗಳನ್ನು ಅಳಿಸಿಲ್ಲ, ಸಾಕ್ಷಿಗೆ ಇರಲಿ ಅಂತ.

ಕಪ್ಪುಬಿಳುಪು
ಒಳ್ಳೆಯದಾಯಿತು. ಅಂದಹಾಗೆ, ಬಾಡಿಯ ಶಟರ್ ಎಣಿಕೆ ಎಷ್ಟಾಗಿದೆ? ಲೆನ್ಸಿನಲ್ಲಿ ಫಂಗಸ್ ಇಲ್ಲ ತಾನೇ? ಬೆಲೆ ಸ್ವಲ್ಪ ಇಳಿಸುತ್ತೀರಾ?

ಹಳೇಲೆನ್ಸ್
ಮೂರು ಪ್ರಶ್ನೆ, ಜೊತೆಗೆ ಚೌಕಾಸಿ! ಬನ್ನಿ ಸಾರ್, ಬ್ಯಾಂಕಿನಲ್ಲಿ ಸಿಗೋಣ.